ರೆಜಿನಾ ತಲೆ ತಗ್ಗಿಸಲಿಲ್ಲ

ರೆಜಿನಾ ಕಿನ್ನಿಗೋಳಿಯಿಂದ ಮದುವೆಯಾಗಿ ಕುವೈತಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಬ್ನೇದ್ ಅಲ್ ಗಾರ್‌ನ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗಿ ಒಳಗೆ ಕಳಿಸುವುದು ಅವಳ ಕೆಲಸ. ಕುವೈತಿನ ಒಂದು ಇಂಗ್ಲಿಷ್ ನಾಟಕ ತಂಡಕ್ಕೆ ಅವಳು ಸೇರಿದ್ದು ಉಡುಪು ಹೊಲಿಯಲು. ಪ್ರದರ್ಶನದ ದಿನವೇ ಕೆಲಸದವಳ ಪಾತ್ರದಾಕೆಗೆ ಜ್ವರ ಬಂತು. ಗೌನು ಹೊಲಿದವಳೇ ಅದನ್ನು ತೊಟ್ಟು ರಂಗಕ್ಕೆ ಹೋಗಬೇಕಾಯಿತು. ಹೆಜ್ಜೆ ಇಟ್ಟೊಡನೆ ಕೈಯಲ್ಲಿದ್ದ ಟ್ರೇಯ ಕಪ್ಪುಗಳೆಲ್ಲ ಗಲಗಲ ಎಂದವು. ರೆಜಿನಾ ಗಕ್ಕನೆ ನಿಂತು, ಮಾತು ಕೇಳದ ಮಗುವನ್ನು ನೋಡುವ ಹಾಗೆ ಟ್ರೇಯನ್ನು ದುರುಗುಟ್ಟಿ ನೋಡಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಹೊಲಿಗೆ ಬೇರೆಯವರ ಪಾಲಾಯಿತು.

ಏಳು ವರ್ಷ ಸಣ್ಣ ಪುಟ್ಟ ಪಾತ್ರಗಳು. ಎಂಟನೆಯ ವರ್ಷ ನಿರ್ದೇಶಕ ರೂಬೆನ್ ಅವಳಿಗೆ ಮುಖ್ಯ ಪಾತ್ರವನ್ನೇ ಕೊಟ್ಟ: ಬಾಡಿಗೆದಾರರನ್ನು ಗದರಿಸುವ ಮನೆಯೊಡತಿ. ರೆಜಿನಾ ನಾಲಿಗೆ ತಿರುಚಿ ಲಂಡನ್ನಿನವರ ಹಾಗೆ ಮಾತಾಡಲು ಹೆಣಗಿದಳು.

"ಅದೆಲ್ಲ ಖಲಾಸ್," ಎಂದ ರೂಬೆನ್. "ಕ್ಲಿನಿಕ್ಕಲ್ಲಿ ಲೈನ್ ತಪ್ಪಿಸುವವರಿಗೆ ಬಯ್ತೀರಲ್ಲಾ ರೆಜಿನಾ ಬಾಯಿ, ಹಾಗೆ ಹೇಳಿ."

ಅವಳು ಹಾಗೆಯೇ ಹೇಳಿದಳು. ನಾಟಕ ಗೆದ್ದಿತು.

ಅದನ್ನು ನೋಡಲು ಬಂದಿದ್ದ ಕುವೈತಿ ಧಾರಾವಾಹಿ ನಿರ್ದೇಶಕಿ ಸಮೀಹಾ ಅವಳನ್ನು ಚಿತ್ರೀಕರಣಕ್ಕೆ ಕರೆದಳು. ಮತ್ತೆ ಕೆಲಸದವಳ ಪಾತ್ರವೇ, ಎರಡು ಕಂತು. ಮನೆಯ ಮಗಳು ಬಯ್ಯಬೇಕು, ಇವಳು ತಲೆ ತಗ್ಗಿಸಿ ಹೊರಗೆ ಹೋಗಬೇಕು.

ರೆಜಿನಾಗೆ ಅದು ಸರಿ ಕಾಣಲಿಲ್ಲ. ಕ್ಲಿನಿಕ್ಕಿನಲ್ಲಿ ಕಲಿತ ಅರಬ್ಬಿಯಲ್ಲೇ ಕೇಳಿದಳು: "ಮೇಡಂ, ಈ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನಲ್ಲವಾ? ನಾನ್ಯಾಕೆ ತಲೆ ತಗ್ಗಿಸಲಿ?"

"ಮತ್ತೇನು ಮಾಡ್ತೀಯಾ?"

"ಒಮ್ಮೆ ಬಿಡಿ, ತೋರಿಸ್ತೇನೆ."

ಕ್ಯಾಮೆರಾ ಓಡಿತು. ಹುಡುಗಿ ಬಾಯಿಗೆ ಬಂದಂತೆ ಬೈದಳು. ರೆಜಿನಾ ಎಲ್ಲವನ್ನೂ ಕೇಳಿಸಿಕೊಂಡು, ಅವಳ ಕೆನ್ನೆಗಂಟಿದ ಕೂದಲನ್ನು ಸರಿಸಿ, "ಬೆಳಿಗ್ಗೆಯಿಂದ ಏನಾದರೂ ತಿಂದೆಯಾ ಮಗಳೇ?" ಎಂದಳು. ಆ ನಟಿ ತನ್ನ ಮಾತನ್ನೇ ಮರೆತು ನಿಜವಾಗಿ ಅತ್ತುಬಿಟ್ಟಳು. ಸಮೀಹಾ ದೃಶ್ಯವನ್ನು ಹಾಗೆಯೇ ಉಳಿಸಿಕೊಂಡಳು. ಎರಡು ಕಂತಿನ ಪಾತ್ರ ಹನ್ನೊಂದಕ್ಕೆ ಬೆಳೆಯಿತು.

ರಂಜಾನ್ ತಿಂಗಳಲ್ಲಿ ಧಾರಾವಾಹಿ ಬಂತು. ಕ್ಲಿನಿಕ್ಕಿಗೆ ಬಂದ ಅಜ್ಜಿಯೊಬ್ಬರು ಮಂಡಿನೋವಿನ ವಿಷಯ ಬಿಟ್ಟು, ಆ ಹುಡುಗಿ ಕ್ಷಮೆ ಕೇಳಿದಳೋ ಇಲ್ಲವೋ ಎಂದು ವಿಚಾರಿಸಿದರು. "ಇನ್ನೆರಡು ದಿನ ತಾಳಿ," ಎಂದು ರೆಜಿನಾ ನಕ್ಕಳು. ಮಗಳು ಆಶ್ಲಿ ಫೋನ್ ಮಾಡಿ, "ಮಮ್ಮಿ, ಮೈ ಹೋಲ್ ಆಫೀಸ್ ಈಸ್ ಕ್ರೈಯಿಂಗ್!" ಎಂದಳು.

ಈಗ ಇನ್ನೊಂದು ಧಾರಾವಾಹಿ ಒಪ್ಪಿಕೊಂಡಿದ್ದಾಳೆ. ಅದರಲ್ಲಿ ಅವಳು ಶಾಲೆಯ ಹೆಡ್‌ಮಿಸ್. ಶುಕ್ರವಾರ ಮೀನಾ ಅಬ್ದುಲ್ಲಾ ತೈಲ ಶುದ್ಧೀಕರಣಾಗಾರದ ಕೆಲಸಕ್ಕೆ ರಜೆ ಇರುವಾಗ ಗಂಡ ಹೆನ್ರಿ ಎದುರು ಕೂತು ಉಳಿದ ಪಾತ್ರಗಳ ಮಾತು ಓದುತ್ತಾನೆ. ಅವನ ಅರಬ್ಬಿ ಕೇಳಿದರೆ ರೆಜಿನಾಗೆ ನಗು ತಡೆಯುವುದಿಲ್ಲ.

"ನಗಬೇಡ ಮಾರಾಯ್ತಿ," ಎನ್ನುತ್ತಾನೆ ಅವನು, "ನಾನು ಈಗ ನಿನ್ನ ಸ್ಟೂಡೆಂಟ್."