ಕಾಲು ತಗುಲಿಸದೆ ಫುಟ್‌ಬಾಲ್

ಫುಟ್‌ಬಾಲ್ ಆಡುವಾಗ ಎದುರಾಳಿಗೆ ಕಾಲು ತಗುಲಿದರೆ ಏನು ಮಾಡಬೇಕು?

ಏನೂ ಮಾಡಬೇಕಾಗಿಲ್ಲ, ಚೆಂಡಿನ ಹಿಂದೆ ಓಡಬೇಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೋದ ತಿಂಗಳು ಮಾಲೂರಿನವರ ಮೇಲೆ ಆಡುವಾಗ ನಮ್ಮ ಕಾಲೇಜಿನ ಹಾಫ್ ಬ್ಯಾಕ್ ಮುನಿಯಪ್ಪ ಮಾಡಿದ್ದೇ ಬೇರೆ. ಗೋಲಿನ ಹತ್ತಿರ ಎದುರಾಳಿಯಿಂದ ಸೊಗಸಾಗಿ ಚೆಂಡು ಕಿತ್ತ. ಕೀಳುವಾಗ ಇವನ ಪಾದ ಅವನ ಮೊಣಕಾಲಿಗೆ ತಗುಲಿತು. ಮುನಿಯಪ್ಪ ನಿಂತೇಬಿಟ್ಟ. ಬಗ್ಗಿ ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಮಾಲೂರಿನ ಇನ್ನೊಬ್ಬ ಬಂದು ಚೆಂಡನ್ನು ನಮ್ಮ ಗೋಲಿಗೆ ಹೊಡೆದು, ನಗುತ್ತಾ ವಾಪಸು ಹೋದ.

"ಲೇ ಮುನಿಯಾ, ಅದೇನ್ಲಾ ಅದು?" ಎಂದು ಕ್ಯಾಪ್ಟನ್ ವೆಂಕಟರವಣ ತಲೆ ಚಚ್ಚಿಕೊಂಡ. (ಮುಳಬಾಗಿಲಿನವನು. ಸಿಟ್ಟು ಬಂದರೆ ಅವನಿಗೆ ಕನ್ನಡ ಸಾಲದು. ಮಿಕ್ಕದ್ದನ್ನು ತೆಲುಗಿನಲ್ಲಿ ಬೈದ.)

"ಕಾಲ್ ತಗುಲ್ತಲ್ಲಣ್ಣಾ. ಹಂಗೇ ಬಿಟ್ಟೋಗಕ್ಕಾಯ್ತದಾ?" ಎಂದ ಮುನಿಯಪ್ಪ.

ಅಂದು ನಾಲ್ಕು ಗೋಲಿನಿಂದ ಸೋತೆವು. ಮುನಿಯಪ್ಪ ಮೂರು ಸಲ ಬಗ್ಗಿದ್ದ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಕೋಲಾರದ ಇಂಟರ್‌ಮೀಡಿಯಟ್ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ಓದುವ ಕಾಲದಲ್ಲಿ ನನ್ನ ಬಳಿ ಒಂದು ಜೊತೆ ಫುಟ್‌ಬಾಲ್ ಬೂಟುಗಳಿದ್ದವು ಎಂಬ ಸುದ್ದಿ ಹೇಗೋ ಹಬ್ಬಿ, ಟೀಮು ನನ್ನ ಕೊರಳಿಗೆ ಬಿತ್ತು. (ಬೂಟು ಇದ್ದದ್ದು ನಿಜ. ಆಟ ಇರಲಿಲ್ಲ.)

ನಮ್ಮಲ್ಲೊಂದು ಪದ್ಧತಿ. ಸೀನಿಯರ್ ಕ್ಲಾಸಿನವರು ಆಡಬೇಕು, ಜೂನಿಯರ್ ಕ್ಲಾಸಿನವರು ಜಾಲಿ ಮುಳ್ಳಿನಲ್ಲಿ ಬಿದ್ದ ಚೆಂಡು ತರಬೇಕು. ಚೆಂಡು ತಂದು ತಂದು ಅವರು ಸೀನಿಯರ್ ಆಗುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಆಡಲು ಕಲಿಯುವುದು ಯಾವಾಗ? ಈ ವರ್ಷ ನಾನು ಧೈರ್ಯ ಮಾಡಿ ಟೇಕಲ್, ಕ್ಯಾಲನೂರು, ಹೋಳೂರು ಕಡೆಯ ಆರು ಜನ ಜೂನಿಯರುಗಳನ್ನು ಇಳಿಸಿದೆ. ಸೀನಿಯರುಗಳು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಆ ವಾರ ಎಷ್ಟು ನೆಮ್ಮದಿಯಾಗಿತ್ತು ಅಂತೀರಿ!

ಆರು ಜನರಲ್ಲಿ ಹೋಳೂರಿನ ಮುನಿಯಪ್ಪನೇ ಮೇಲು. ಬರಿಗಾಲು, ಆದರೆ ಚೆಂಡು ಅವನ ಮಾತು ಕೇಳುತ್ತದೆ.

ಮಾಲೂರಿನ ಸೋಲಿನ ಮರುದಿನ ಪ್ರಿನ್ಸಿಪಾಲರು ಕರೆದರು. ಈಗ ಯುದ್ಧದ ಕಾಲ, ಖಾಲಿ ಜಾಗದಲ್ಲೆಲ್ಲ ಆಹಾರ ಬೆಳೆಯಿರಿ ಎನ್ನುತ್ತಿದ್ದಾರೆ. "ಸೋಲೋದಕ್ಕೆ ಅಷ್ಟು ಜಾಗ ಯಾಕ್ರೀ? ರಾಗಿ ಹಾಕಿದ್ರೆ ಹಾಸ್ಟೆಲ್ಲಿಗೆ ಮುದ್ದೆಗಾದ್ರೂ ಆಗುತ್ತೆ" ಎಂದರು. ರಾಗಿಯ ವಿರುದ್ಧ ಮಾತಾಡುವ ಎದೆಗಾರಿಕೆ ಈ ಜಿಲ್ಲೆಯಲ್ಲಿ ಯಾರಿಗಿದೆ? ಬೇಡಿಕೊಂಡ ಮೇಲೆ ಒಂದು ಪಂದ್ಯದ ಅವಕಾಶ ಕೊಟ್ಟರು. ಊರಿನ ಗುಮಾಸ್ತರ ಟೀಮಿನ ಎದುರು ಸೋಲದಿದ್ದರೆ ಗ್ರೌಂಡ್ ಉಳಿಯಿತು. ಸೋತರೆ ನೇಗಿಲು.

ಮುನಿಯಪ್ಪನನ್ನು ಕರೆದು ಗದರಿದೆ. ಇನ್ನೊಮ್ಮೆ ಬಗ್ಗಿದರೆ ಟೀಮಿನಿಂದ ಆಚೆ ಎಂದೆ. ಅವನು ತಲೆಯಾಡಿಸಿದ. ಪರಿಣಾಮ? ಬಗ್ಗುವುದನ್ನು ಬಿಟ್ಟ, ಜೊತೆಗೆ ಕಾಲು ಹಾಕುವುದನ್ನೂ ಬಿಟ್ಟ! ನೆಂಟರನ್ನು ಬಸ್ಸು ಹತ್ತಿಸಲು ಹೋದವನ ಹಾಗೆ ಎದುರಾಳಿಯ ಪಕ್ಕದಲ್ಲಿ ಗೋಲಿನವರೆಗೂ ಓಡುತ್ತಿದ್ದ. ನಾನು ಅಂಚೆಯಲ್ಲಿ ತರಿಸಿದ ಇಂಗ್ಲಿಷ್ ಪುಸ್ತಕ ತಿರುವಿಹಾಕಿದೆ. ಟ್ಯಾಕ್ಲಿಂಗ್ ಬಗ್ಗೆ ಹನ್ನೆರಡು ಪುಟ ಇತ್ತು. ತಾಯಿ ಕಲಿಸಿದ ಮರ್ಯಾದೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕಳೆದ ಶನಿವಾರ ಪಂದ್ಯ. ರೆಫರಿ ವಿಸಿಲ್ ಬಾಯಿಗಿಟ್ಟಿದ್ದಾರೆ. ಮುನಿಯಪ್ಪ ಇದ್ದಕ್ಕಿದ್ದಂತೆ ಗೆರೆ ದಾಟಿ ಓಡಿದ. ಹನ್ನೊಂದು ಜನ ಗುಮಾಸ್ತರನ್ನೂ, ಗೋಲ್‌ಕೀಪರನ್ನೂ ಬಿಡದೆ, ಒಬ್ಬೊಬ್ಬರಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ವಾಪಸು ಬಂದ. ಜನ ಹೋ ಎಂದು ನಕ್ಕರು.

"ಏನೋ ಇದು?" ಎಂದೆ.

"ಭಾನ್ವಾರ ಊರಿಗೋಗಿ ಅಮ್ಮನ್ನ ಕೇಳ್ದೆ ಸಾರ್. ಮೊದ್ಲೇ ಮುಟ್ಟಿ ಕಣ್ಗೊತ್ಕೊಂಡ್‌ಬಿಡು, ಆಮೇಲ್ ತಗುಲಿದ್ರೂ ಪಾಪ ಇಲ್ಲ ಅಂತು. ಇನ್ನ ಆಟ ಮುಗಿಯೋಗಂಟ ಬಗ್ಗಾದಿಲ್ಲ ಸಾರ್."

ಬಗ್ಗಲಿಲ್ಲ. ಅಬ್ಬಬ್ಬಾ, ಆ ಕಾಲು! ಚೆಂಡಿದ್ದಲ್ಲೆಲ್ಲ ಅದೇ ಕಾಲು. ಅರ್ಧ ಗಂಟೆಯಲ್ಲಿ ಗುಮಾಸ್ತರು ಚೆಂಡು ಸಿಕ್ಕರೂ ಬೇರೆಯವರಿಗೆ ದಾಟಿಸಲು ಅವಸರ ಪಡುತ್ತಿದ್ದರು. "ಪಟ್ಟುರಾ, ವದಲದ್ದುರಾ! ಹಿಡ್ಕೋ, ಬಿಡ್ಬೇಡ!" ಎಂದು ವೆಂಕಟರವಣ ಎರಡು ಭಾಷೆಯಲ್ಲೂ ಕೂಗಿದ. ಒಂದು ಗೋಲು ತಿಂದೆವು. ಒಂದು ಹೊಡೆದೆವು, ಹೊಡೆದವನು ಟೇಕಲ್ಲಿನ ಜೂನಿಯರ್. ಕೊನೆಯ ವಿಸಿಲ್ ಊದಿದಾಗ ಸರಿಸಮ. ಗೆದ್ದವರ ಹಾಗೆ ಕುಣಿದೆವು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ?

ಪ್ರಿನ್ಸಿಪಾಲರು ಮಾತಿಗೆ ತಪ್ಪುವವರಲ್ಲ. ಮೈದಾನದೊಳಗೆ ನಡೆದು ಬಂದು, "ಗ್ರೌಂಡ್ ನಿಮ್ಮದೇ ಕಣ್ರಯ್ಯ" ಎಂದರು. ಮುನಿಯಪ್ಪನ ಬೆನ್ನು ತಟ್ಟಲು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ಬೂಟು ಸರಿಯಾಗಿ ಅವನ ಬರಿಗಾಲಿನ ಮೇಲೆ ಬಿತ್ತು.

ತನ್ನ ಕಾಲು ಪ್ರಿನ್ಸಿಪಾಲರಿಗೆ ತಗುಲಿತಲ್ಲಾ ಎಂದು ಮುನಿಯಪ್ಪ ಗಾಬರಿಯಿಂದ ಬಗ್ಗಿ, ಅವರ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಪ್ರಿನ್ಸಿಪಾಲರು ಸಂತೋಷದಿಂದ ಆಶೀರ್ವಾದ ಮಾಡಿದರು.

ಈ ಫೌಲಿಗೆ ವಿಸಿಲ್ ಊದುವವರು ಯಾರು ಸ್ವಾಮಿ?