ಸುಂದರಮ್ಮನ ಮಗು

ಡಾಕ್ಟರಮ್ಮನ ಕೈಗಳಿಗೆ ಎರಡು ಬಣ್ಣವಿತ್ತು. ಮೊಣಕೈಯಿಂದ ಮೇಲೆ ನುಣುಪಾದ ಎಣ್ಣೆಗೆಂಪು, ಕೆಳಗೆ ಬಿಳಿಚಿ ಬಿರುಕು ಬಿಟ್ಟ ಚರ್ಮ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿಗೆ ಕಾಲಿಡುವಾಗಲೆಲ್ಲ ಮೊಣಕೈವರೆಗೆ ಸೋಪು ಹಾಕಿ ತಿಕ್ಕಿ ತೊಳೆದೂ ತೊಳೆದೂ ಹಾಗಾಗಿತ್ತು. ಸಂಜೆ ಡ್ಯೂಟಿ ಮುಗಿದ ಮೇಲೆ ಮೇಜಿನ ಡ್ರಾಯರಿನಿಂದ ಹರಳೆಣ್ಣೆ ಶೀಸೆ ತೆಗೆದು ಹಚ್ಚಿಕೊಳ್ಳುತ್ತಿದ್ದರು. ಆಮೇಲೆ ಹಲಸೂರಿನಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅವರ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದೆ. ಅದೊಂದು ಸಣ್ಣ ಟ್ರಸ್ಟ್ ಆಸ್ಪತ್ರೆ. ಈಗ ಅದು ಇಲ್ಲ, ಆ ಜಾಗದಲ್ಲಿ ಸೋಫಾ ಮಾರುವ ಅಂಗಡಿ ಇದೆ. ಹಾಗಾಗಿದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ನಾನು ಮರ್ಫಿ ಟೌನಿನವಳು. ನಲ್ಲಿಯ ಹತ್ತಿರ ಬಿಂದಿಗೆ ತಳ್ಳಿದವರ ಮೇಲೆ ನಮ್ಮಜ್ಜಿ ಸಾಯುವ ತನಕ ಹಲ್ಲು ಕಡಿದವಳು, ಆ ಗುಣ ನನಗೂ ಬಂದಿದೆ. ಡಾಕ್ಟರಮ್ಮನಿಗೂ ಅದೇ ಗುಣವಿದೆ ಎಂದು ತಿಳಿದ ದಿನದಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು. ರಸೆಲ್ ಮಾರ್ಕೆಟ್ಟಿನಲ್ಲಿ ಒಮ್ಮೆ ಕೊಳೆತ ಮೂಸಂಬಿ ಸೇರಿಸಿ ಕೊಟ್ಟ ವ್ಯಾಪಾರಿಯ ಮುಂದೆಯೇ ಪ್ರತಿ ಶನಿವಾರ ನಿಂತು, ಪಕ್ಕದ ಅಂಗಡಿಯಲ್ಲಿ ಚೌಕಾಸಿಯಿಲ್ಲದೆ ಹಣ್ಣು ಕೊಳ್ಳುತ್ತಿದ್ದವರು ಅವರು.

ಮಕ್ಕಳ ವಿಷಯದಲ್ಲಿ ಮಾತ್ರ ಅವರಷ್ಟು ಮೆದು ಮನುಷ್ಯರನ್ನು ನಾನು ಕಂಡಿಲ್ಲ. ಮಗು ಅತ್ತರೆ ನರ್ಸುಗಳು ಗಾಬರಿಯಾಗುತ್ತಿದ್ದರು, ಇವರು ನಗುತ್ತಿದ್ದರು. “ಅಳ್ಲಿ ಬಿಡೇ. ಅಳೋದಕ್ಕೂ ಗಾಳಿ ಬೇಕಲ್ವಾ? ಗಾಳಿ ಇದೆ ಅಂತಾಯ್ತು” ಎನ್ನುತ್ತಿದ್ದರು. ಅವರನ್ನು ಕಾಡುತ್ತಿದ್ದುದು ಅಳಲಾಗದ ಮಕ್ಕಳು. ಒಂದೇ ವಾರದಲ್ಲಿ ಹುಟ್ಟಿ, ಒಂದೇ ತೂಕವಿದ್ದು, ಒಂದೇ ಆರೈಕೆ ಪಡೆದ ಎರಡು ಮಕ್ಕಳಲ್ಲಿ ಒಂದು ಮಗು ಆಕ್ಸಿಜನ್ ಬಿಟ್ಟು ಮನೆಗೆ ಹೋಗುತ್ತದೆ, ಇನ್ನೊಂದರ ಶ್ವಾಸಕೋಶ ತಿಂಗಳುಗಟ್ಟಲೆ ಗಾಯದ ಹಾಗೇ ಉಳಿಯುತ್ತದೆ. ಇದಕ್ಕೆ ಹುಟ್ಟಿನಿಂದಲೇ ರಕ್ತದಲ್ಲಿ ಬಂದ ಕಾರಣವೇನಾದರೂ ಇದೆಯೇ, ಇದ್ದರೆ ಯಾವ ಜೀನಿನಲ್ಲಿದೆ ಎನ್ನುವುದೇ ಅವರ ಸಂಶೋಧನೆ. ಅದಕ್ಕಾಗಿ ಯಾವ ಮಗುವಿಗೂ ಬೇರೆಯಾಗಿ ಸೂಜಿ ಚುಚ್ಚಲು ಬಿಡುತ್ತಿರಲಿಲ್ಲ. ಬೇರೆ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಮಿಕ್ಕ ಹನಿಯನ್ನು, ತಾಯಿಯ ಪಕ್ಕ ನೆಲದ ಮೇಲೆ ಕೂತು ವಿವರಿಸಿ, ಒಪ್ಪಿಗೆ ಪಡೆದು ತರುತ್ತಿದ್ದರು.

ಹಾಗೆ ಒಪ್ಪಿದವರಲ್ಲಿ ಮಲ್ಲಮ್ಮ ಒಬ್ಬಳು. ಯಾದಗಿರಿ ಕಡೆಯವಳು. ಗಂಡ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸಕ್ಕಿದ್ದ, ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಸಂಸಾರ. ಅವಳ ಗಂಡುಮಗು ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಮನೆಗೆ ಹೋಯಿತು. ಹೋಗುವ ದಿನ ಅವಳು ಕೇಳಿದಳು: “ನಿನ್ ರಕ್ತಾನೇ ಕೆಟ್ಟೈತಿ ಅಂತಾಳ್ರೀ ನಮ್ಮತ್ತಿ. ಖರೇ ಏನ್ರೀ ಡಾಕ್ಟರವ್ವಾ?”

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. “ಯಾರ ರಕ್ತಾನೂ ಕೆಟ್ಟಿರಲ್ಲಮ್ಮ. ಯಾಕೆ ಹೀಗಾಗುತ್ತೆ ಅಂತ ನಂಗಿನ್ನೂ ಗೊತ್ತಿಲ್ಲ. ಗೊತ್ತಾದ ದಿನ ಮೊದಲು ನಿಂಗೇ ಬಂದು ಹೇಳ್ತೀನಿ.”

ರಕ್ತದ ಟ್ಯೂಬುಗಳನ್ನು ನಾವು ಡಬ್ಬಿ ಕಟ್ಟಿ ಬೇರೊಂದು ಲ್ಯಾಬಿಗೆ ಕಳಿಸುತ್ತಿದ್ದೆವು. ಅಲ್ಲಿಯವರ ಕೆಲಸ ಸರಿಯಿದೆಯೇ ಎಂದು ತಿಳಿಯಲು ಡಾಕ್ಟರಮ್ಮ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿ ಡಬ್ಬಿಯಲ್ಲೂ ಹೊಸ ನಂಬರು ಬರೆದು ತಮ್ಮದೇ ರಕ್ತದ ಒಂದು ಟ್ಯೂಬನ್ನು ಸೇರಿಸುತ್ತಿದ್ದರು. ರಕ್ತ ಒಂದೇ ಆದ್ದರಿಂದ ಉತ್ತರವೂ ಪ್ರತಿ ಸಲ ಒಂದೇ ಬರಬೇಕು. ಬೇರೆ ಬಂದರೆ ಆ ಲ್ಯಾಬಿನವರು ತೂಕಡಿಸಿದ್ದಾರೆ ಎಂದರ್ಥ. ಆ ರಕ್ತಕ್ಕೂ ಮಕ್ಕಳಿಗೆ ಇದ್ದಂತೆ ಒಂದು ಚೀಟಿ ಬೇಕಲ್ಲ? ವಾರ್ಡಿನಲ್ಲಿ ನಾಮಕರಣವಾಗದ ಮಕ್ಕಳನ್ನು ತಾಯಿಯ ಹೆಸರಿನಿಂದಲೇ ಕರೆಯುವುದು ರೂಢಿ. ಡಾಕ್ಟರಮ್ಮ ತಮ್ಮ ತಾಯಿಯ ಹೆಸರು ಹಾಕಿ ‘ಸುಂದರಮ್ಮನ ಮಗು’ ಎಂದು ಬರೆದರು. ಹುಟ್ಟಿದಾಗಿನ ತೂಕ, ಬಸಿರಿನ ಎಷ್ಟನೇ ವಾರ ಎಲ್ಲ ತುಂಬಿ, ವಿಳಾಸದ ಜಾಗದಲ್ಲಿ ಸಿ.ವಿ. ರಾಮನ್ ನಗರದ ತಮ್ಮ ಮನೆಯ ವಿಳಾಸವನ್ನೇ ಕೊಟ್ಟರು. “ಸುಳ್ಳೇನಿಲ್ಲ ಕಣೇ, ನಾನು ಸುಂದರಮ್ಮನ ಮಗೂನೇ ತಾನೆ?” ಎಂದರು. ಈ ವಿಷಯ ಗೊತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ.

ಸಂಶೋಧನೆ ಒಂದು ಹದಕ್ಕೆ ಬರುವ ಹೊತ್ತಿಗೆ ಆಸ್ಪತ್ರೆಯ ನಿರ್ದೇಶಕರ ಕಣ್ಣು ಅದರ ಮೇಲೆ ಬಿತ್ತು. ಆ ಮಹಾನುಭಾವರು ಇನ್‌ಕ್ಯುಬೇಟರಿನೊಳಗೆ ಕೈಯಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಪ್ರಬಂಧದಲ್ಲಿ ತಮ್ಮ ಹೆಸರು ಮೊದಲು ಬರಬೇಕೆಂದರು. ಡಾಕ್ಟರಮ್ಮ ಆಗುವುದಿಲ್ಲ ಎಂದರು. ಮರುವಾರವೇ ಅವರನ್ನು ಕೆಮ್ಮು ನೆಗಡಿ ನೋಡುವ ಹೊರರೋಗಿ ವಿಭಾಗಕ್ಕೆ ಹಾಕಿದರು. ಮಕ್ಕಳ ರಕ್ತ ಕಾಪಿಟ್ಟಿದ್ದ ಫ್ರೀಜರಿನ ಬೀಗದ ಕೈಯನ್ನು ನಿರ್ದೇಶಕರಿಗೆ ಒಪ್ಪಿಸಲು ಹೋದಾಗ ನಾನೂ ಜೊತೆಗಿದ್ದೆ.

“ಸರ್, ಡಬ್ಬಿಗಳ ವಿಷಯದಲ್ಲಿ ಒಂದು ಹೇಳ್ಬೇಕಿತ್ತು” ಎಂದರು ಡಾಕ್ಟರಮ್ಮ.

ಅವರು ತಲೆ ಎತ್ತಲೇ ಇಲ್ಲ. “ಹೇಳೋದು ಕೇಳೋದು ಏನೂ ಇಲ್ಲ ಡಾಕ್ಟರೇ. ಕೀ ಇಟ್ಟು ಹೋಗಿ.”

ಕೀ ಇಟ್ಟೆವು. ಹೊರಗೆ ಬಂದ ಮೇಲೆ ಡಾಕ್ಟರಮ್ಮ ನನಗೆ ಹೇಳಿದರು: “ನಿನ್ನನ್ನ ಯಾರಾದ್ರೂ ಕೇಳಿದ್ರೆ ಹೇಳು. ಕೇಳದೆ ಹೇಳ್ಬೇಡ.” ಟೆಕ್ನಿಷಿಯನ್ನನ್ನು ಯಾರು ಕೇಳುತ್ತಾರೆ? ತಿಂಗಳಾಗುವುದರೊಳಗೆ ಅವರು ರಾಜೀನಾಮೆ ಕೊಟ್ಟು ಇಂದಿರಾನಗರದಲ್ಲಿ ಚಿಕ್ಕ ಕ್ಲಿನಿಕ್ಕು ತೆರೆದರು. ಮನೆ ನಡೆಸಬೇಕಾಗಿದ್ದ ನಾನು ಅಲ್ಲೇ ಉಳಿದೆ.

ಸಂಶೋಧನೆಯ ಮುಖ್ಯ ಭಾಗವೆಂದರೆ ಮಕ್ಕಳು ವರ್ಷ ತುಂಬಿದಾಗ ಹೇಗಿದ್ದಾರೆಂದು ಮನೆಗೆ ಹೋಗಿ ನೋಡುವುದು. ಉಸಿರು ಕಟ್ಟುತ್ತಿದೆಯೇ, ನಡೆಯುತ್ತಿವೆಯೇ ಎಂದು ತಿಳಿಯದೆ ರಕ್ತ ಓದಿ ಪ್ರಯೋಜನವಿಲ್ಲ. ಡಾಕ್ಟರಮ್ಮ ಇದ್ದಾಗ ಭಾನುವಾರ ಬಂದರೆ ಕೆ.ಆರ್. ಪುರದ ಸಂದಿಗಳಲ್ಲೆಲ್ಲ ನಮ್ಮ ತಿರುಗಾಟ ಇರುತ್ತಿತ್ತು. ಈಗ ಆಸ್ಪತ್ರೆಯಿಂದ ಯಾರೂ ಹೊರಡಲಿಲ್ಲ. ಅಧಿಕಾರ ಹೋದರೂ ಡಾಕ್ಟರಮ್ಮ ಮಾತ್ರ ಮಲ್ಲಮ್ಮನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಆ ಮಗು ವರ್ಷ ತುಂಬುವ ಮೊದಲೇ ಹೋಯಿತು. ಆ ದಿನವೂ ಅಲ್ಲಿದ್ದದ್ದು ಡಾಕ್ಟರಮ್ಮ, ಜೊತೆಗೆ ನಾನು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಇದ್ದಕ್ಕಿದ್ದಂತೆ ಹೇಳಿದರು: “ಸುಂದರಮ್ಮನ ಮಗೂನ ಕೇಳ್ಕೊಂಡು ನಮ್ಮನೆ ಬಾಗಿಲು ಇನ್ನೂ ಯಾರೂ ತಟ್ಟಿಲ್ಲ ಕಣೇ. ತಟ್ಟಿದ್ರೆ ಒಳಗೆ ಕರೆದು ಕೂರಿಸಿ ಎಲ್ಲ ಹೇಳ್ಬಿಡ್ತಿದ್ದೆ. ಕಾಯ್ತಾ ಇದ್ದೀನಿ.”

ಕೊನೆಗೆ ಪ್ರಬಂಧ ಸಿದ್ಧವಾಯಿತು. ಕಂಟೋನ್ಮೆಂಟಿನ ಹೋಟೆಲೊಂದರ ಹಾಲಿನಲ್ಲಿ ಊರಿನ ಮಕ್ಕಳ ಡಾಕ್ಟರುಗಳೆಲ್ಲ ಸೇರಿದ್ದರು. ನಿರ್ದೇಶಕರು ಪರದೆಯ ಮೇಲೆ ಮಕ್ಕಳ ಪಟ್ಟಿ ತೋರಿಸಿ, ಪ್ರತಿಯೊಂದು ಮನೆಗೂ ಹೋಗಿ ಮಕ್ಕಳನ್ನು ಕಣ್ಣಾರೆ ನೋಡಿ ಬಂದಿದ್ದೇವೆ ಎಂದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ನನಗೆ ಆ ಪಟ್ಟಿಯಲ್ಲಿ ಕಂಡದ್ದು ಎರಡೇ ಹೆಸರು. ಮಲ್ಲಮ್ಮನ ಮಗು: ಆರೋಗ್ಯವಾಗಿದೆ. ಸುಂದರಮ್ಮನ ಮಗು: ಆರೋಗ್ಯವಾಗಿದೆ, ನಡೆಯುತ್ತಿದೆ. ಮೊದಲನೆಯದನ್ನು ಓದಿ ನನ್ನ ಮೈ ಉರಿಯಿತು, ಎರಡನೆಯದನ್ನು ಓದಿ ಅದೇ ಮೈ ತಣ್ಣಗಾಯಿತು.

ಪ್ರಶ್ನೆಗಳಿವೆಯೇ ಎಂದಾಗ ಮೂರನೆಯ ಸಾಲಿನಲ್ಲಿ ಎರಡು ಬಣ್ಣದ ಕೈಯೊಂದು ಮೇಲೆದ್ದಿತು.

“ಸರ್, ಸುಂದರಮ್ಮನ ಮಗು ಈಗ ಹೇಗಿದೆ?”

“ಚೆನ್ನಾಗಿದೆ ಡಾಕ್ಟರೇ. ನಿಮ್ಮ ಕಾಲದ ಕೇಸೇ ಅಲ್ವಾ, ನೆನಪಿರ್ಬೇಕು.”

“ನೆನಪಿದೆ. ಮನೆಗೆ ಹೋದಾಗ ಬಾಗಿಲು ತೆಗೆದವರು ಯಾರು?”

ಅವರು ನಕ್ಕರು. “ಮಗುವಿನ ತಾಯಿ ಇರ್ಬೇಕು.”

“ನಮ್ಮಮ್ಮ ತೀರ್ಕೊಂಡು ಬಹಳ ವರ್ಷ ಆಯ್ತು ಸರ್. ಆ ಮನೆ ನಂದು. ಆ ರಕ್ತ ನಂದು. ಲ್ಯಾಬ್ ಪರೀಕ್ಷೆ ಮಾಡೋದಕ್ಕೆ ನಾನೇ ಹಾಕಿದ್ದು. ಅವತ್ತು ಹೇಳೋಕೆ ಬಂದೆ, ನೀವು ಕೇಳ್ಲಿಲ್ಲ. ಸುಂದರಮ್ಮನ ಮಗು ನಾನೇ. ನಡೀತಾ ಇದ್ದೀನಿ, ನಿಜ.” ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರಮ್ಮ ನಗಲಿಲ್ಲ. “ಇನ್ನು ಮಲ್ಲಮ್ಮನ ಮಗು. ಅದು ಸತ್ತಾಗ ನಾನು ಪಕ್ಕದಲ್ಲಿ ಕೂತಿದ್ದೆ. ಅದನ್ನ ಬದುಕಿಸೋಕೆ ನಿಮಗೆ ಪೆನ್ನು ಸಾಕಾಯ್ತು.”

ನಿರ್ದೇಶಕರ ಮುಖ ಆ ಹೊತ್ತಿನಲ್ಲಿ ಹೇಗಾಯಿತೆಂದು ಇವತ್ತಿಗೂ ನೆನೆದು ಖುಷಿಪಡುತ್ತೇನೆ. ಹಾಗೆ ಖುಷಿಪಡುವುದು ತಪ್ಪೆಂದು ಹೇಳುವವರು ಮಲ್ಲಮ್ಮನ ಕೋಣೆಯಲ್ಲಿ ಆ ದಿನ ಕೂತವರಲ್ಲ. ನಿರ್ದೇಶಕರು ‘ಆರೋಗ್ಯದ ಕಾರಣ’ ಹೇಳಿ ಹುದ್ದೆ ಬಿಟ್ಟರು. ವಿಚಾರಣೆಯೆಂದು ಫ್ರೀಜರಿಗೆ ಮೊಹರು ಬಿತ್ತು. ಅದನ್ನು ನೋಡಿಕೊಳ್ಳುವವರಿಲ್ಲದೆ ಒಳಗಿದ್ದ ಮಕ್ಕಳ ರಕ್ತವೆಲ್ಲ ಕೆಟ್ಟುಹೋಯಿತು. ಡಾಕ್ಟರಮ್ಮನ ಇಷ್ಟು ವರ್ಷಗಳ ಕೆಲಸವೂ ಅದರ ಜೊತೆಗೇ ಹೋಯಿತು.

ಮುಂದಿನ ಭಾನುವಾರ ನಾವು ಗರುಡಾಚಾರ್‌ಪಾಳ್ಯಕ್ಕೆ ಹೋದೆವು. ಡಾಕ್ಟರಮ್ಮ ಮಲ್ಲಮ್ಮನ ಪಕ್ಕ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದರು. “ಯಾಕೆ ಹಾಗಾಗುತ್ತೆ ಅಂತ ಗೊತ್ತಾಗ್ಲಿಲ್ಲಮ್ಮ. ಇನ್ನು ನನ್ನಿಂದ ಗೊತ್ತಾಗೋದೂ ಇಲ್ಲ. ಮಾತು ಕೊಟ್ಟಿದ್ದೆ, ಉಳಿಸ್ಕೊಳ್ಳೋಕೆ ಆಗ್ಲಿಲ್ಲ” ಎಂದರು.

ಮಲ್ಲಮ್ಮ ಕೇಳಿದಳು: “ಅವ್ನ ಮಾರಿ ಹ್ಯಾಂಗಾಗಿತ್ರೀ?”

ಅವತ್ತು ಹಾಲಿನಲ್ಲಿ ನಗದಿದ್ದ ಡಾಕ್ಟರಮ್ಮ ಎದ್ದು ನಿಂತು, ಬಾಯಿ ತೆರೆದು, ಕಣ್ಣು ಅರಳಿಸಿ, ಪರದೆಯ ಕಡೆ ಒಮ್ಮೆ, ಜನರ ಕಡೆ ಒಮ್ಮೆ ತಿರುಗಿ ತೋರಿಸಿದರು. ಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಇನ್ನೊಮ್ಮಿ ತೋರಸ್ರೀ” ಎಂದಳು. ತೋರಿಸಿದರು. ನಗು ಯಾವಾಗ ಅಳುವಾಯಿತೋ ಮೂವರಿಗೂ ತಿಳಿಯಲಿಲ್ಲ.

ಆಮೇಲೆ ಕೆಲವು ವರ್ಷ ಕ್ಲಿನಿಕ್ಕು ನಡೆಸಿ ಡಾಕ್ಟರಮ್ಮ ಹೃದಯಾಘಾತದಿಂದ ತೀರಿಕೊಂಡರು. ಸಿ.ವಿ. ರಾಮನ್ ನಗರದ ಆ ಮನೆಗೆ ಹೋದಾಗ, ಅವರನ್ನು ಒಯ್ಯುವ ಮೊದಲು ಹರಳೆಣ್ಣೆ ಶೀಸೆ ಹುಡುಕಿ ತಂದು ಅವರ ಎರಡೂ ಕೈಗಳಿಗೆ ಮೊಣಕೈವರೆಗೆ ಹಚ್ಚಿದೆ. ಮಾಜಿ ನಿರ್ದೇಶಕರು ಕಳಿಸಿದ್ದ ಹೂವಿನ ಚಕ್ರವೊಂದು ಬಾಗಿಲಿಗೆ ಒರಗಿತ್ತು. ಅದನ್ನು ನಾನೇ ಎತ್ತಿಕೊಂಡು ಹೋಗಿ ಕಸದ ಗಾಡಿಗೆ ಹಾಕಿದೆ.

ನಾನೀಗ ಇನ್ನೊಂದು ಲ್ಯಾಬಿನಲ್ಲಿದ್ದೇನೆ. ಡಾಕ್ಟರಮ್ಮ ಬಿಟ್ಟುಹೋದ ಪ್ರಶ್ನೆಯನ್ನು ಹೊಸ ಹುಡುಗಿಯೊಬ್ಬಳು ಮತ್ತೆ ಮೊದಲಿನಿಂದ ಹಿಡಿದಿದ್ದಾಳೆ. ಡಬ್ಬಿಯಲ್ಲಿ ಒಂದು ಗುಟ್ಟಿನ ಟ್ಯೂಬು ಇರಬೇಕೆಂಬುದು ಇಲ್ಲಿ ನಿಯಮವೇ ಆಗಿದೆ, ಯಾವುದೆಂಬುದು ನನಗೊಬ್ಬಳಿಗೆ ಗೊತ್ತು. ರಕ್ತ ನನ್ನದು. ಹೆಸರು ಮಾತ್ರ ಸುಂದರಮ್ಮನ ಮಗು ಎಂದೇ ಬರೆಯುತ್ತೇನೆ, ವಿಳಾಸ ಮರ್ಫಿ ಟೌನಿನ ನನ್ನ ಮನೆಯದು. ಆ ಮಗುವನ್ನು ಹುಡುಕಿಕೊಂಡು ಬಂದವರಿಗೆ ಕಾಫಿ ಮಾಡಿ ಕೊಡುತ್ತೇನೆ. ಬಾರದೆಯೇ ಬಂದು ನೋಡಿದೆವೆಂದು ಬರೆಯುವವರಿಗಾಗಿಯೂ ಕಾಯುತ್ತಿದ್ದೇನೆ.