ಕಾಲುಂಗುರದ ಬೆರಳು

ನನ್ನ ಹೆಂಡತಿ ಹೋಗಿ ಎಂಟು ತಿಂಗಳಾಯಿತು. ಎದೆ ನೋವೆಂದು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅವಳ ಬಗ್ಗೆ ಬರೆಯಲು ಹೊರಟರೆ ಅವಳ ಎಡಗಾಲಿನ ಎರಡನೆಯ ಬೆರಳೇ ಮೊದಲು ನೆನಪಾಗುತ್ತದೆ.

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಎರಡು ಮೂರು ವರ್ಷವಾಗಿದ್ದಿರಬೇಕು. ಸೂಲಿಬೆಲೆ ಹತ್ತಿರದ ನಮ್ಮ ಹೊಲದಲ್ಲಿ ಮೇವು ಕೊಯ್ಯುವಾಗ ಜೋಳದ ಕೂಳೆ ಆ ಬೆರಳಿನ ಬುಡಕ್ಕೆ ಚುಚ್ಚಿತು. ಅವಳಿಗೆ ಸಕ್ಕರೆ ಕಾಯಿಲೆ. ವಾರದೊಳಗೆ ಬೆರಳು ಊದಿಕೊಂಡು, ಹೊಸಕೋಟೆಯ ಆಸ್ಪತ್ರೆಯಲ್ಲಿ ಕಾಲುಂಗುರವನ್ನು ಕತ್ತರಿಸಿ ತೆಗೆದರು. "ಮೂರು ವಾರ ನೋಡೋಣ. ಮಾಂಸ ಬೆಳೀದಿದ್ರೆ ಬೆರಳು ತೆಗೀಬೇಕಾಗುತ್ತೆ" ಎಂದರು ಡಾಕ್ಟರು.

ಅವಳು ಅಳಲಿಲ್ಲ. ಬಸ್ಸಿನಲ್ಲಿ, "ಬೆರಳೇ ಹೋದ್ರೆ ಉಂಗುರ ಎಲ್ಲಿಗ್ ಹಾಕ್ಕೊಳ್ಲಿ, ಕಿವಿಗಾ?" ಎಂದಳು.

ಗಾಯ ತೊಳೆದು ಕಟ್ಟುವ ಕೆಲಸ ನನ್ನದಾಯಿತು. ಅದರಲ್ಲಿ ನನಗೆ ಸ್ವಲ್ಪ ಜಂಬ. ಹಸುವಿನ ಗೊರಸು ಕೊಳೆತರೆ ಊರಿನವರು ನನ್ನನ್ನೇ ಕರೆಯುತ್ತಿದ್ದರು. ಗೊರಸಿಗೆ ನೊರೆ ಬರುವ ಔಷಧಿ ಸುರಿದು ಬೆಳ್ಳಗಾಗುವ ತನಕ ಉಜ್ಜುತ್ತಿದ್ದೆ. ಆಸ್ಪತ್ರೆಯ ಸಿಸ್ಟರು ಗ್ಲೂಕೋಸ್ ಬಾಟಲಿಯಂಥದರಲ್ಲಿ ಉಪ್ಪುನೀರು ಕೊಟ್ಟು, ಸುಮ್ಮನೆ ಹರಿಸಿ ತೊಳೆಯಿರಿ ಎಂದಿದ್ದರು. ಆರನೆಯ ದಿನ ಗಾಯದ ತಳದಲ್ಲಿ ರಾಗಿಯಷ್ಟು ಸಣ್ಣ ಕೆಂಪು ಕಾಳುಗಳೆದ್ದವು. ಮುಟ್ಟಿದರೆ ರಕ್ತ. ಗಾಯ ಕೆಟ್ಟುಹೋಯಿತೆಂದು ಕೊಟ್ಟಿಗೆಯಲ್ಲಿದ್ದ ಆ ನೊರೆ ಔಷಧಿಯ ಬಾಟಲಿ ತಂದೆ.

"ಮೆಲ್ಲಗ್ರೀ! ನನ್ನೇನ್ ಸೀಮೆ ಹಸು ಅನ್ಕೊಂಡ್ರಾ?"

"ಹಸು ಒದೆಯುತ್ತೆ, ನೀನು ಬೈತೀಯ. ಅಷ್ಟೇ ಕಣೆ."

ನಾಲ್ಕು ದಿನ ಉಜ್ಜಿದೆ. ಕಾಳು ಮಾಯವಾಗಿ ಗಾಯ ಬೆಳ್ಳಗಾಯಿತು. ಗೆದ್ದೆನೆಂದುಕೊಂಡೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸಿಸ್ಟರು ಗಾಯದ ಕಟ್ಟು ಬಿಚ್ಚಿದವರೇ, "ಏನಣ್ಣಾ ಮಾಡಿದ್ರಿ ಇದಕ್ಕೆ?" ಎಂದರು. ಹೇಳಿದೆ. "ಆ ಕೆಂಪು ಕಾಳೇ ಹೊಸ ರಕ್ತನಾಳಗಳು ಕಣಣ್ಣ. ಅವು ಬರೀ ರಕ್ತ ತರಲ್ಲ. ನಾಳದ ಗೋಡೇಲಿರೋ ಜೀವಕೋಶಗಳು ಸುತ್ತಲಿನ ಚರ್ಮಕ್ಕೆ, ಬಾ, ಬೆಳೆದು ಮುಚ್ಕೋ ಅಂತ ಸುದ್ದಿ ಕಳಿಸ್ತವೆ. ನೀವು ಸುದ್ದಿ ಹೇಳೋರನ್ನೇ ಉಜ್ಜಿ ಸಾಯಿಸಿದ್ದೀರ."

ನನ್ನ ಪರವಾಗಿ ಅವಳೇ ಮಾತಾಡಿದಳು: "ಬೈಬೇಡಿ ಸಿಸ್ಟರ್. ಆ ಕೈ ಒಳ್ಳೇದೇ. ಇನ್ಮೇಲೆ ನಾನ್ ಹೇಳ್ದಂಗೆ ಕೇಳುತ್ತೆ."

ಡಾಕ್ಟರು ಕೊಟ್ಟ ಮೂರು ವಾರದಲ್ಲಿ ಉಳಿದದ್ದು ಹನ್ನೊಂದು ದಿನ. ಅವಳು ಮಂಚದ ಮೇಲೆ ಕಾಲು ಚಾಚಿ, ನನ್ನ ಕ್ಷೌರದ ಕನ್ನಡಿಯನ್ನು ಪಾದದ ಕೆಳಗೆ ಹಿಡಿದು ಹುಕುಂ ಮಾಡುತ್ತಿದ್ದಳು. "ನೀರು ಬಿಡಿ. ಸಾಕು. ಕೈ ತೆಗೀರಿ." ಕಾಲು ನೆಲಕ್ಕೆ ಊರಲಿಲ್ಲ. ಕಾಫಿಗೆ ಸಕ್ಕರೆ ಬಿಟ್ಟಳು. ತನ್ನ ತಂಗಿಯ ಮನೆಯ ಗೃಹಪ್ರವೇಶದಿಂದ ಕಳಿಸಿದ ಹೋಳಿಗೆಯನ್ನೂ ಮುಟ್ಟಲಿಲ್ಲ. ನನ್ನಿಂದಾಗದ ಕೆಲಸ ಅದು.

ಐದನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿ, "ಬಂದ್ವು ಕಣ್ರೀ, ನಿಮ್ಮ ರಾಗಿ ಕಾಳು!" ಎಂದು ಕೂಗಿದಳು. ಆಮೇಲೆ ಅಂಚಿನಿಂದ ಈರುಳ್ಳಿ ಪೊರೆಯಂಥ ಚರ್ಮ ಒಳಕ್ಕೆ ಸರಿಯತೊಡಗಿತು. ಕೊನೆಯ ದಿನ ಡಾಕ್ಟರು ಬೆರಳನ್ನು ಅತ್ತಿತ್ತ ತಿರುಗಿಸಿ, "ಇರಲಿ ಇದು" ಎಂದರು.

ಹೊಸ ಕಾಲುಂಗುರ ಹಾಕಿಕೊಂಡು ಹಾಲಿನ ಡೈರಿಗೆ ನಡೆದು ಹೋದಳು. ಸಾಲಿನಲ್ಲಿ ನಿಂತವರಿಗೆಲ್ಲ ಕಾಲೆತ್ತಿ ತೋರಿಸಿದಳು. ಪಕ್ಕದಲ್ಲಿ ನಾನೂ ಎದೆಯುಬ್ಬಿಸಿ ನಿಂತಿದ್ದೆ.

ಅವಳು ಹೋದ ದಿನ, ಸ್ನಾನ ಮಾಡಿಸಿ ಅರಿಸಿನ ಹಚ್ಚುವಾಗ ಆ ಉಂಗುರ ಜಾರಿ ಬಿತ್ತು. ಹೆಂಗಸರು ತೊಡಿಸಲು ಹೋದರು. ನಾನು ಬಿಡಲಿಲ್ಲ. ಬೆರಳ ಬುಡದಲ್ಲಿ ಗಾಯ ಮುಚ್ಚಿದ್ದ ಆ ಚರ್ಮ ಇನ್ನೂ ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ಉಜ್ಜದಂತೆ, ಅವಳು ಹೇಳಿಕೊಟ್ಟಿದ್ದಂತೆಯೇ, ನಾನೇ ಮೆಲ್ಲಗೆ ತೊಡಿಸಿದೆ.